ಕಾಲೇಜಿನಲ್ಲಿ ಗೆಲ್ಲಲು ನಾಯಕತ್ವ ಎಷ್ಟು ಬೇಕು?

ಗ್ರೂಪ್ ಪ್ರಾಜೆಕ್ಟ್, ಕ್ಲಬ್ಬಿನ ಹುದ್ದೆ, ತರಗತಿಯ ಪ್ರತಿನಿಧಿಯ ಪಾಡು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇವುಗಳ ಸುತ್ತಲೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಪದವಿಯ ಮೊದಲ ವರ್ಷದಲ್ಲಿದ್ದೇನೆ. ಓದಿನಲ್ಲಿ ಪರವಾಗಿಲ್ಲ. ಸೀನಿಯರ್‌ಗಳು ‘ಬರೀ ಓದಿದರೆ ಏನೂ ಆಗಲ್ಲ, ಲೀಡರ್‌ಶಿಪ್ ಬೇಕು, ಯಾವುದಾದರೂ ಕ್ಲಬ್ಬಿನ ಹುದ್ದೆ ಹಿಡಿ’ ಎನ್ನುತ್ತಾರೆ. ಮನೆಯಲ್ಲಿ ‘ಅದೆಲ್ಲ ಬೇಡ, ಅಂಕ ತೆಗಿ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಹುದ್ದೆಯನ್ನೂ ಕೌಶಲವನ್ನೂ ಒಂದೇ ಪದದಲ್ಲಿ ಹೇಳುತ್ತಿರುವುದರಿಂದ ನಿಮಗೆ ಗೊಂದಲವಾಗಿದೆ. ಯಾವ ಹುದ್ದೆಯೂ ಇಲ್ಲದೆ ಕಾಲೇಜನ್ನು ಚೆನ್ನಾಗಿ ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸುವುದು, ಯಾರೂ ಶುರು ಮಾಡದಾಗ ತಾನೇ ಶುರು ಹಚ್ಚಿಕೊಳ್ಳುವುದು, ತಿಳಿಯದ್ದನ್ನು ತಡಮಾಡದೆ ಕೇಳುವುದು, ನಾಲ್ಕು ಜನರ ಕೆಲಸವನ್ನು ಒಂದು ದಾರಿಗೆ ತರುವುದು – ಇಷ್ಟೂ ಬಾರದವರಿಗೆ ಕಾಲೇಜು ಹೆಣಗಾಟವೇ. ನಾಯಕತ್ವ ಎಂದು ನಾವು ಹೇಳುವುದು ಇದನ್ನು.

ಅಂಕದ ಮಟ್ಟಿಗೆ ತಕ್ಕಡಿ ಮನೆಯವರ ಕಡೆಗೇ ವಾಲುತ್ತದೆ. ಕಾಲೇಜು ಹಾಜರಾತಿ ಕುರಿತ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ಮಾರ್ಕಸ್ ಕ್ರೆಡೆ ಮತ್ತು ಸಂಗಡಿಗರು 2010ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಪ್ರವೇಶ ಪರೀಕ್ಷೆಯ ಅಂಕಕ್ಕಿಂತ, ಓದುವ ಅಭ್ಯಾಸಕ್ಕಿಂತ ಹಾಜರಾತಿಗೂ ಕಾಲೇಜಿನ ಅಂಕಕ್ಕೂ ಇರುವ ನಂಟೇ ಗಟ್ಟಿ ಎಂದು ಅದರಲ್ಲಿ ಕಂಡುಬಂತು. ಕ್ಲಬ್ಬಿನ ಸಭೆಗೆಂದು ವಾರಕ್ಕೆ ಮೂರು ತರಗತಿ ತಪ್ಪಿಸುವವರು ಕೈಬಿಡುತ್ತಿರುವುದು ಇದನ್ನೇ.

ಸೀನಿಯರ್‌ಗಳ ಮಾತೂ ಗಾಳಿಮಾತಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಲಿಯಂ ಸೆಡ್ಲಾಸೆಕ್ ಅವರು ಪರೀಕ್ಷೆಯ ಅಂಕದಲ್ಲಿ ಕಾಣದ, ಆದರೆ ವಿದ್ಯಾರ್ಥಿ ಕಾಲೇಜಿನಲ್ಲಿ ಉಳಿದು ಓದು ಮುಗಿಸಲು ನೆರವಾಗುವ ಎಂಟು ಅಂಶಗಳನ್ನು ಗುರುತಿಸಿದರು. ತನ್ನ ಬಲ-ದೌರ್ಬಲ್ಯಗಳ ಸರಿಯಾದ ಅಂದಾಜು, ದೂರದ ಗುರಿ, ಬೆನ್ನಿಗೆ ನಿಲ್ಲುವ ಒಬ್ಬ ವ್ಯಕ್ತಿ ಇವುಗಳ ಜೊತೆಗೆ ನಾಯಕತ್ವದ ಅನುಭವವೂ ಆ ಪಟ್ಟಿಯಲ್ಲಿದೆ. ಅವರು ಅದನ್ನು ಕಾಲೇಜಿನ ಹುದ್ದೆಗಳಿಗೆ ಕಟ್ಟಿಹಾಕಲಿಲ್ಲ. ಮನೆಯಲ್ಲಿ, ನೆರೆಹೊರೆಯಲ್ಲಿ ಹೊತ್ತ ಹೊಣೆಯೂ ಅವರ ಲೆಕ್ಕಕ್ಕೆ ಬರುತ್ತದೆ. ತಮ್ಮ-ತಂಗಿಯರನ್ನು ದಿನಾ ಕೂರಿಸಿ ಓದಿಸುವ ಹುಡುಗಿಗೆ ಈ ಅನುಭವ ಆಗಲೇ ಇದೆ, ಅದಕ್ಕೊಂದು ಹೆಸರಿದೆ ಎಂಬುದು ಅವಳಿಗೆ ಗೊತ್ತಿರುವುದಿಲ್ಲ ಅಷ್ಟೆ.

ಮೊದಲ ಸೆಮಿಸ್ಟರಿನಲ್ಲಿ ಹುದ್ದೆ ಬೇಡ. ಒಂದೇ ಒಂದು ತಂಡಕ್ಕೆ ಸೇರಿ. ಶುರುವೂ ಕೊನೆಯೂ ಗೊತ್ತಿರುವ ಸಣ್ಣ ಕೆಲಸವೊಂದನ್ನು ಕೇಳಿ ತೆಗೆದುಕೊಳ್ಳಿ. ಒಂದು ಉಪನ್ಯಾಸಕ್ಕೆ ಕೊಠಡಿ ಗೊತ್ತು ಮಾಡುವುದು, ಒಂದು ಗಂಟೆ ಮೊದಲೇ ಹೋಗಿ ಮೈಕು, ಪ್ರೊಜೆಕ್ಟರ್ ಹಾಕಿ ನೋಡುವುದು, ಬಂದವರನ್ನು ಕೂರಿಸುವುದು, ಇಂಥದ್ದು ಸಾಕು. ಅದನ್ನು ಯಾರೂ ನೆನಪಿಸದೆ ಮಾಡಿ ಮುಗಿಸಿದಿರಿ ಎಂದರೆ ಎರಡನೆಯ ಸೆಮಿಸ್ಟರಿಗೆ ತುಸು ದೊಡ್ಡದನ್ನು ಕೇಳಿ. ಮೊದಲ ಫಲಿತಾಂಶ ಕೈಗೆ ಬಂದಿರುವುದರಿಂದ ಓದಿಗೆ ಎಷ್ಟು ಹೊತ್ತು ಬೇಕೆಂಬ ಅಂದಾಜೂ ಅಷ್ಟರಲ್ಲಿ ಸಿಕ್ಕಿರುತ್ತದೆ.

ಪ್ರಶ್ನೆ: ಐದು ಜನರ ಪ್ರಾಜೆಕ್ಟ್ ತಂಡಕ್ಕೆ ನನ್ನನ್ನು ಲೀಡರ್ ಮಾಡಿದ್ದಾರೆ. ಎಲ್ಲರೂ ‘ಮಾಡೋಣ, ಮಾಡೋಣ’ ಎನ್ನುತ್ತಾರೆ, ಯಾರೂ ಮಾಡುವುದಿಲ್ಲ. ಕೊನೆಗೆ ರಾತ್ರಿಯಿಡೀ ಕೂತು ನಾನೊಬ್ಬಳೇ ಮುಗಿಸುತ್ತೇನೆ. ಸಬ್ಮಿಷನ್‌ಗೆ ಇನ್ನು ಆರು ವಾರ ಇದೆ. ಏನು ಮಾಡಲಿ?

ಉತ್ತರ: ಆರು ವಾರ ಇರುವಾಗಲೇ ಬರೆದಿದ್ದೀರಿ, ಅದೇ ದೊಡ್ಡ ಅನುಕೂಲ. ಇಂಥ ಪತ್ರಗಳು ಸಾಮಾನ್ಯವಾಗಿ ಆರು ದಿನ ಉಳಿದಿರುವಾಗ ಬರುತ್ತವೆ.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆಯನ್ನು ಅಳೆದು ನೋಡಿದವರಿದ್ದಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಹಗ್ಗ ಎಳೆಸಿ ನೋಡಿ, ಅದರ ಲೆಕ್ಕವನ್ನು 1913ರಲ್ಲಿ ಪ್ರಕಟಿಸಿದರು. ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬರ ಪಾಲಿನ ಎಳೆತ ಒಂಟಿಯಾಗಿ ಎಳೆದದ್ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದಾಗಲೂ ಹಾಗೇ ಆಯಿತು. ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಅದರ ನಂತರದ್ದು. ‘ಗುಂಪಿನಲ್ಲಿದ್ದರೂ ನಿಮ್ಮ ದನಿಯನ್ನು ಬೇರೆಯಾಗಿಯೇ ಅಳೆಯುತ್ತೇವೆ’ ಎಂದು ತಿಳಿಸಿದಾಗ ಮೈಗಳ್ಳತನ ಹೋಯಿತು. ನಿಮ್ಮ ಗೆಳೆಯರು ಸೋಮಾರಿಗಳು ಎಂದುಕೊಳ್ಳಬೇಡಿ. ಯಾರ ಕೆಲಸ ಯಾವುದು ಎಂದು ಈಗ ಕಣ್ಣಿಗೆ ಕಾಣುತ್ತಿಲ್ಲ, ಅದನ್ನು ಕಾಣಿಸಬೇಕು.

ಮೊದಲ ಸಭೆ 40 ನಿಮಿಷ ಸಾಕು, ಎದುರೆದುರು ಕೂತು ಮಾಡಿ. ಮೊದಲ 10 ನಿಮಿಷ ಪ್ರಾಜೆಕ್ಟಿನ ಸೂಚನಾಪತ್ರವನ್ನೂ ಅಂಕ ಹಂಚಿಕೆಯನ್ನೂ ಜೋರಾಗಿ ಓದಿ. 5 ಅಂಕದ ಮುಖಪುಟದ ಚಿತ್ರಕ್ಕೆ ಎರಡು ದಿನ, 30 ಅಂಕದ ವಿಶ್ಲೇಷಣೆಗೆ ಒಂದು ರಾತ್ರಿ – ಈ ಎಡವಟ್ಟು ಎಷ್ಟೋ ತಂಡಗಳಲ್ಲಿ ಆಗುವುದು ಇದನ್ನು ಓದದೆ ಇರುವುದರಿಂದ. ಮುಂದಿನ 20 ನಿಮಿಷ ಕೆಲಸಗಳನ್ನು ಒಡೆಯಿರಿ. ಒಂದು ತುಂಡು ನಾಲ್ಕೈದು ಗಂಟೆಗಿಂತ ದೊಡ್ಡದಿರಬಾರದು. ‘ಸಮೀಕ್ಷೆ ನೋಡಿಕೊಳ್ಳುವುದು’ ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಹೀಗೆ ಬರೆಯಿರಿ: ‘ಸಮೀಕ್ಷೆಯ 20 ಪ್ರಶ್ನೆಗಳು, ಒಂದು ಪುಟ, ಮಂಗಳವಾರ ಸಂಜೆ 6ಕ್ಕೆ ಫೋಲ್ಡರಿನಲ್ಲಿ.’ ಅದರ ಮುಂದೆ ಮಾಡುವವರ ಹೆಸರು ಒಂದೇ ಒಂದು, ಓದಿ ನೋಡುವವರ ಹೆಸರು ಇನ್ನೊಂದು. ‘ನಾವಿಬ್ಬರೂ ಸೇರಿ ಮಾಡುತ್ತೇವೆ’ ಎಂದರೆ ಒಪ್ಪಬೇಡಿ. ಅವನು ಮಾಡಿರುತ್ತಾನೆಂದು ಇವಳು, ಇವಳು ಮಾಡಿರುತ್ತಾಳೆಂದು ಅವನು ಕಾಯುತ್ತಾ ಕೂರುತ್ತಾರೆ. ಕೊನೆಯ 10 ನಿಮಿಷ ಅಕ್ಷರದ ಗಾತ್ರ, ತಲೆಬರಹಗಳ ಸಂಖ್ಯೆ, ಫೈಲಿನ ಹೆಸರು ಇಡುವ ಕ್ರಮ ಗೊತ್ತು ಮಾಡಿಕೊಳ್ಳಿ. ಈಗ ಇದು ಕ್ಷುಲ್ಲಕ ಅನಿಸಬಹುದು. ‘ಫೈನಲ್’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’ ಎಂಬ ಮೂರು ಫೈಲುಗಳಲ್ಲಿ ಯಾವುದು ಸರಿ ಎಂದು ಕೊನೆಯ ರಾತ್ರಿ ಹುಡುಕುವಾಗ ಹಾಗನಿಸುವುದಿಲ್ಲ.

ದಿನಾಂಕಗಳ ಬಗ್ಗೆ ಸ್ವಲ್ಪ ಬಿಗಿಯಾಗಿರಿ. ಪ್ರಬಂಧ ಬರೆಯುತ್ತಿದ್ದ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ‘ಎಷ್ಟು ದಿನದಲ್ಲಿ ಮುಗಿಸುತ್ತೀರಿ?’ ಎಂದು ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೇಳಿದ್ದರು. 1994ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಹೇಳಿದ್ದು ಸರಾಸರಿ 33.9 ದಿನ, ಹಿಡಿದದ್ದು 55.5 ದಿನ. ‘ಎಲ್ಲವೂ ಕೆಟ್ಟರೆ?’ ಎಂದು ಕೇಳಿದಾಗ ಕೊಟ್ಟ ಅಂದಾಜು ಕೂಡ 48.6 ದಿನದ್ದೇ. ಹಾಗಾಗಿ ಯಾರಾದರೂ ‘ಮೂರು ದಿನ ಸಾಕು’ ಎಂದರೆ ಪಟ್ಟಿಯಲ್ಲಿ ಐದು ದಿನ ಬರೆಯಿರಿ. ತಂಡದ ಒಳಗಿನ ಕೊನೆಯ ದಿನವನ್ನು ನಿಜವಾದ ಸಬ್ಮಿಷನ್‌ಗಿಂತ ಐದು ದಿನ ಮೊದಲಿಗೆ ಇಡಿ. ಆ ಐದರಲ್ಲಿ ಎರಡು ದಿನ ಪೂರ್ತಿ ಜೋಡಣೆಗೇ ಹೋಗುತ್ತದೆ. ಒಂದೊಂದು ಅಧ್ಯಾಯ ಒಬ್ಬೊಬ್ಬರು ಬರೆದು ಕೊನೆಗೆ ಅಂಟಿಸಿದರೆ ಒಂದೇ ವ್ಯಾಖ್ಯೆ ಮೂರು ಕಡೆ ಬರುತ್ತದೆ, ಚಿತ್ರಗಳ ಸಂಖ್ಯೆ ತಪ್ಪುತ್ತದೆ. ಎರಡನೆಯ ಅಧ್ಯಾಯದ ಕೋಷ್ಟಕದಲ್ಲಿ 112 ಉತ್ತರಗಳು, ಮೂರನೆಯ ಅಧ್ಯಾಯದ ಗ್ರಾಫಿನಲ್ಲಿ 104. ಆಮೇಲೆ ಬಂದ ಎಂಟನ್ನು ಒಬ್ಬರು ಸೇರಿಸಿಕೊಂಡಿದ್ದಾರೆ, ಇನ್ನೊಬ್ಬರಿಗೆ ಅದು ಗೊತ್ತೇ ಇಲ್ಲ. ಮೌಲ್ಯಮಾಪಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮೊದಲಿನಿಂದ ಕೊನೆವರೆಗೆ ಒಂದೇ ಉಸಿರಿಗೆ ಓದುವ ಒಬ್ಬರು ಇರಲೇಬೇಕು. ಲೀಡರ್ ಆದ ನೀವು ಬರೆಯುವ ಪಾಲನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ಈ ಕೆಲಸ ಇಟ್ಟುಕೊಳ್ಳಿ.

ದಿನ ತಪ್ಪಿದವರನ್ನು ಗುಂಪಿನಲ್ಲಿ ಎಲ್ಲರೆದುರು ಕೇಳಬೇಡಿ, ಮೌನವಾಗಿ ಬಿಡಲೂ ಬೇಡಿ. ಮಾರನೆಯ ದಿನವೇ ಅವರಿಗೊಬ್ಬರಿಗೇ ಹೀಗೆ ಬರೆಯಿರಿ: ‘ನಿನ್ನೆ ಸಂಜೆಗೆ ಬರಬೇಕಿದ್ದ ಪ್ರಶ್ನೆಪಟ್ಟಿ ಫೋಲ್ಡರಿನಲ್ಲಿ ಕಾಣಲಿಲ್ಲ. ಏನಾದರೂ ತೊಡಕಾಯಿತಾ? ಗುರುವಾರದೊಳಗೆ ಆಗುತ್ತಾ, ಇಲ್ಲಾ ಅರ್ಧ ಬೇರೆಯವರಿಗೆ ಕೊಡೋಣವಾ?’ ಬಹಳ ಸಲ ಸಿಗುವ ಉತ್ತರ ‘ಹೇಗೆ ಶುರು ಮಾಡೋದು ಗೊತ್ತಾಗಲಿಲ್ಲ’ ಎಂದಿರುತ್ತದೆ. ಅವರ ಪಕ್ಕ 20 ನಿಮಿಷ ಕೂತು ಮೊದಲ ಮೂರು ಪ್ರಶ್ನೆಗಳನ್ನು ಜೊತೆಗೇ ಬರೆದರೆ ಉಳಿದ ಹದಿನೇಳು ಬರುತ್ತವೆ. ಎರಡನೆಯ ಸಲವೂ ತಪ್ಪಿದರೆ ಕೆಲಸವನ್ನು ಹಂಚಿ ಪಟ್ಟಿಯಲ್ಲಿ ಹೆಸರು ಬದಲಿಸಿ. ಮೂರನೆಯ ಸಲಕ್ಕೆ ಆ ಪಟ್ಟಿ ಹಿಡಿದುಕೊಂಡು ಮಾರ್ಗದರ್ಶಕರ ಬಳಿ ಹೋಗಿ. ‘ಅವನಿಗೆ ಅಂಕ ಕೊಡಬೇಡಿ’ ಎನ್ನಬೇಡಿ. ‘ಈ ಭಾಗ ನಿಂತಿದೆ, ಹೇಗೆ ಹಂಚಿಕೊಳ್ಳಲಿ?’ ಎಂದು ಕೇಳಿ. ಸಬ್ಮಿಷನ್‌ಗೆ ಎರಡು ವಾರ ಇರುವಾಗ ಹೋದರೆ ಅವರು ಏನಾದರೂ ಮಾಡಬಲ್ಲರು, ಮುಗಿದ ಮೇಲೆ ಹೋದರೆ ಅದು ಬರೀ ದೂರು.

ರಾತ್ರಿಯಿಡೀ ಒಬ್ಬರೇ ಕೂತು ಮುಗಿಸುವುದನ್ನು ದಯವಿಟ್ಟು ನಿಲ್ಲಿಸಿ. ಹೇಗಿದ್ದರೂ ಇವಳು ಮುಗಿಸುತ್ತಾಳೆ ಎಂದು ತಂಡಕ್ಕೆ ಕಲಿಸಿಕೊಟ್ಟಿರುವುದು ಅದೇ.

ಪ್ರಶ್ನೆ: ನನಗೆ ಮಾತು ಕಡಿಮೆ. ಸಭೆಯಲ್ಲಿ ಹೇಳಬೇಕೆಂದುಕೊಂಡದ್ದನ್ನು ಬೇರೆಯವರು ಹೇಳಿಬಿಡುತ್ತಾರೆ, ಇಲ್ಲವೇ ವಿಷಯ ಮುಂದೆ ಹೋಗಿರುತ್ತದೆ. ನನ್ನಂಥವರಿಗೆ ನಾಯಕತ್ವ ಒಲಿಯುವುದಿಲ್ಲ, ಅಲ್ಲವೇ?

ಉತ್ತರ: ಒಲಿಯುತ್ತದೆ. ಮಾತುಗಾರರನ್ನು ಜನ ಬೇಗ ನಾಯಕರೆಂದು ಗುರುತಿಸುತ್ತಾರೆ, ಇದು ನಿಜ. ಟಿಮೊಥಿ ಜಡ್ಜ್ ಮತ್ತು ಸಂಗಡಿಗರು 2002ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಬಹಿರ್ಮುಖಿ ಸ್ವಭಾವಕ್ಕೆ ನಾಯಕತ್ವದ ಜೊತೆ ನಂಟಿರುವುದು ಕಂಡಿತು. ಆದರೆ ಆ ನಂಟು ನಾಯಕರಾಗಿ ಎದ್ದು ಕಾಣುವುದರಲ್ಲಿ ಹೆಚ್ಚು, ನಾಯಕರಾದ ಮೇಲೆ ಕೆಲಸ ಚೆನ್ನಾಗಿ ನಡೆಸುವುದರಲ್ಲಿ ಕಡಿಮೆ. ತಾವಾಗಿಯೇ ಸಲಹೆ ಕೊಡುವ ಚುರುಕು ಜನರ ತಂಡಕ್ಕೆ ಮಾತು ಕಡಿಮೆಯ ನಾಯಕರೇ ಹೆಚ್ಚು ಹೊಂದುತ್ತಾರೆ ಎಂದು ಆಡಂ ಗ್ರ್ಯಾಂಟ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಅವರು ಕೇಳಿಸಿಕೊಳ್ಳುತ್ತಾರೆ, ಅದೇ ಕಾರಣ.

ಕೇಳಿಸಿಕೊಳ್ಳುವುದಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ 1985ರ ಒಂದು ಪ್ರಯೋಗ ನೋಡಿ. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಅವರು ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂವರು ಕಾಲ್ಪನಿಕ ಅಭ್ಯರ್ಥಿಗಳನ್ನು ಸೃಷ್ಟಿಸಿ, ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪುಗಳಿಗೆ ‘ಒಬ್ಬರನ್ನು ಆರಿಸಿ’ ಎಂದರು. ಕೆಲವು ಮಾಹಿತಿ ನಾಲ್ವರಿಗೂ ಗೊತ್ತಿತ್ತು, ಕೆಲವು ಒಬ್ಬೊಬ್ಬರಿಗೆ ಮಾತ್ರ. ಗುಂಪುಗಳು ಎಲ್ಲರಿಗೂ ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಆಡಿದವು. ಒಬ್ಬೊಬ್ಬರ ಬಳಿಯೇ ಉಳಿದ ಮಾಹಿತಿ ಹೊರಬರದೆ ಅತ್ಯುತ್ತಮ ಅಭ್ಯರ್ಥಿ ಬಹಳಷ್ಟು ಗುಂಪುಗಳ ಕೈತಪ್ಪಿದ.

ನೀವು ಮಾಡಬಹುದಾದದ್ದು ಇದು. ಚರ್ಚೆ ಶುರುವಾಗುವ ಮೊದಲು ‘ಐದು ನಿಮಿಷ ಎಲ್ಲರೂ ತಮಗೆ ಗೊತ್ತಿರುವುದನ್ನು ಬರೆದುಕೊಳ್ಳೋಣ, ಆಮೇಲೆ ಸಾಲಾಗಿ ಓದೋಣ’ ಎಂದು ಕೇಳಿ. ಇದಕ್ಕೆ ಬೇಕಾದದ್ದು ಒಂದೇ ವಾಕ್ಯದ ಧೈರ್ಯ. ನಿಮ್ಮ ಮಾತೂ ಹಾಳೆಯ ಮೇಲೆ ಬಂದಿರುತ್ತದೆ, ಬೇರೆಯವರು ಕಸಿದುಕೊಳ್ಳಲಾರರು. ಎರಡನೆಯದಾಗಿ, ಸಭೆಯ ಟಿಪ್ಪಣಿ ಬರೆಯುವ ಕೆಲಸ ನಿಮ್ಮದಾಗಿಸಿಕೊಳ್ಳಿ. ಬರೆಯುವವರಿಗೆ ‘ಹಾಗಾದರೆ ಏನು ತೀರ್ಮಾನವಾಯಿತು? ಯಾರು ಮಾಡುತ್ತಾರೆ? ಯಾವಾಗ?’ ಎಂದು ಕೇಳುವ ಹಕ್ಕು ತಾನಾಗಿ ಬರುತ್ತದೆ, ಆ ಮೂರು ಪ್ರಶ್ನೆ ಕೇಳುವವರೇ ಸಭೆಯನ್ನು ನಡೆಸುತ್ತಿರುತ್ತಾರೆ. ಟಿಪ್ಪಣಿಯನ್ನು ಅದೇ ದಿನ ರಾತ್ರಿ ಹತ್ತು ಸಾಲಿನೊಳಗೆ ಎಲ್ಲರಿಗೂ ಕಳಿಸಿ. ಎರಡು ದಿನ ಬಿಟ್ಟು ಕಳಿಸಿದರೆ ‘ನಾನು ಹಾಗೆ ಹೇಳಲಿಲ್ಲ’ ಎಂಬ ವಾದ ಶುರುವಾಗುತ್ತದೆ.

ಪ್ರಶ್ನೆ: ತಂಡದಲ್ಲಿರುವವರೆಲ್ಲ ನನ್ನ ಸ್ನೇಹಿತರು. ಮೆತ್ತಗೆ ಹೇಳಿದರೆ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಿದರೆ ‘ಬಾಸ್ ಆಗಿಬಿಟ್ಟ’ ಎನ್ನುತ್ತಾರೆ. ಎರಡನೇ ವಾರಕ್ಕೇ ಜಗಳ.

ಉತ್ತರ: ಎರಡನೇ ವಾರದ ಜಗಳಕ್ಕೆ ಹೆದರಬೇಡಿ. ಗುಂಪುಗಳ ಬಗ್ಗೆ ಅದುವರೆಗೆ ಬಂದಿದ್ದ ಅಧ್ಯಯನಗಳನ್ನು ಓದಿ ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ ನಾಲ್ಕು ಹಂತಗಳಲ್ಲಿ ಎರಡನೆಯದೇ ಜಗಳ. ಮೊದಲು ಸೇರುವುದು, ಆಮೇಲೆ ತಿಕ್ಕಾಟ, ಆಮೇಲೆ ಕಟ್ಟುಪಾಡು, ಕೊನೆಗೆ ಕೆಲಸ. ತಿಕ್ಕಾಟದ ಹೊತ್ತಿನಲ್ಲಿ ಕಟ್ಟುಪಾಡು ಬರೆದುಕೊಂಡ ತಂಡ ಮುಂದೆ ಹೋಗುತ್ತದೆ.

ಕಟ್ಟುಪಾಡನ್ನು ನೀವೊಬ್ಬರೇ ಹಾಕಬೇಡಿ. ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ 1930ರ ದಶಕದ ಕೊನೆಯಲ್ಲಿ ಹುಡುಗರ ಹವ್ಯಾಸ ಕ್ಲಬ್ಬುಗಳಲ್ಲಿ ಮೂರು ಬಗೆಯ ನಾಯಕತ್ವ ಹೋಲಿಸಿದ್ದರು. ಅಪ್ಪಣೆ ಕೊಡುವ ನಾಯಕ ಎದುರಿಗಿದ್ದಾಗ ಕೆಲಸ ಭರ್ತಿ ಸಾಗುತ್ತಿತ್ತು, ಅವನು ಕೋಣೆಯಿಂದ ಹೊರಗೆ ಹೋದರೆ ಬಿದ್ದುಹೋಗುತ್ತಿತ್ತು. ಎಲ್ಲರನ್ನೂ ಕೇಳಿ ತೀರ್ಮಾನಿಸಿದ ಗುಂಪು ನಾಯಕ ಇಲ್ಲದಿದ್ದರೂ ಕೆಲಸ ಮುಂದುವರಿಸುತ್ತಿತ್ತು. ‘ನಿಮ್ಮಿಷ್ಟ’ ಎಂದು ಕೈಬಿಟ್ಟ ಗುಂಪಿನಲ್ಲಿ ಕೆಲಸ ಅಷ್ಟಕ್ಕಷ್ಟೆ. ನೀವು ತಂಡದ ಜೊತೆ ದಿನಕ್ಕೆ ಒಂದು ಗಂಟೆ ಇದ್ದರೆ ಹೆಚ್ಚು. ಉಳಿದ ಹೊತ್ತು ಕೆಲಸ ನಡೆಯಬೇಕಾದದ್ದು ನೀವಿಲ್ಲದೆಯೇ.

‘ತಡವಾದರೆ ಏನು ಮಾಡೋಣ?’ ಎಂದು ಅವರನ್ನೇ ಕೇಳಿ. ‘ಆಗುವುದಿಲ್ಲ ಎಂದು ಗೊತ್ತಾದರೆ 24 ಗಂಟೆ ಮೊದಲು ತಿಳಿಸಬೇಕು’ ಎಂಬಂಥ ಮೂರು ನಿಯಮ ಅವರ ಬಾಯಿಂದಲೇ ಬರಲಿ. ಆಮೇಲೆ ನೀವು ‘ನಾನು ಹೇಳಿದ್ದೆ’ ಎನ್ನಬೇಕಾಗಿಲ್ಲ, ‘ನಾವು ಬರೆದುಕೊಂಡಿದ್ದೆವು’ ಎಂದರೆ ಸಾಕು. ತಂಡದ ಮಾತನ್ನು ತಂಡದ ಗುಂಪಿನಲ್ಲೇ ಆಡಿ, ಸ್ನೇಹಿತರ ಹರಟೆಯ ಗುಂಪಿನಲ್ಲಿ ಬೇಡ. ಎರಡೂ ಕಲಸಿದರೆ ಸ್ನೇಹವೂ ಕೆಡುತ್ತದೆ.

ಪ್ರಶ್ನೆ: ನಾನು ತರಗತಿಯ ಪ್ರತಿನಿಧಿ. ಒಂದೇ ದಿನ ಎರಡು ಟೆಸ್ಟ್ ಬಂದಿವೆ ಎಂದು ಉಪನ್ಯಾಸಕರಿಗೆ ಹೇಳಲು ಹೋಗಿ ಬೈಸಿಕೊಂಡು ಬಂದೆ. ಹೇಗೆ ಹೇಳಬೇಕಿತ್ತು?

ಉತ್ತರ: ತರಗತಿ ಶುರುವಾಗುವ ಹೊತ್ತಿಗೆ, ಎಲ್ಲರೆದುರು, ‘ಎಲ್ಲರಿಗೂ ಕಷ್ಟ ಆಗ್ತಿದೆ ಸರ್’ ಎಂದು ಕೇಳಿದರೆ ಬಹುತೇಕ ಇಲ್ಲ ಎಂಬ ಉತ್ತರವೇ ಬರುತ್ತದೆ. ತೀರ್ಮಾನಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಕನಿಷ್ಠ ಒಂದು ವಾರ ಮೊದಲು, ಅವರ ಕೊಠಡಿಗೆ ಇನ್ನೊಬ್ಬರ ಜೊತೆ ಹೋಗಿ. ಚೀಟಿಯಲ್ಲಿ ನಾಲ್ಕು ಸಾಲು ಇರಲಿ: ಯಾವ ಎರಡು ಟೆಸ್ಟ್, ಯಾವ ದಿನ, ಎಷ್ಟು ವಿದ್ಯಾರ್ಥಿಗಳಿಗೆ ಎರಡೂ ಇವೆ, ಎಲ್ಲರಿಗೂ ಬಿಡುವಿರುವ ಬೇರೆ ಎರಡು ದಿನಗಳು ಯಾವುವು. ಆ ಎರಡು ದಿನ ಕೊಠಡಿ ಖಾಲಿ ಇದೆಯೇ ಎಂದೂ ನೋಡಿಕೊಂಡು ಹೋಗಿ. ಆಗುವುದಿಲ್ಲ ಎಂದರೆ ವಾದಿಸದೆ ಕಾರಣ ಕೇಳಿಕೊಂಡು ಬನ್ನಿ, ಬಂದು ತರಗತಿಗೆ ಆ ಕಾರಣವನ್ನು ಬಣ್ಣ ಹಚ್ಚದೆ ತಿಳಿಸಿ. ಪ್ರತಿನಿಧಿ ಎರಡೂ ಕಡೆ ನಂಬಿಕೆ ಕಳೆದುಕೊಳ್ಳುವುದು ಈ ಕೊನೆಯ ಹೆಜ್ಜೆಯಲ್ಲಿ ಉಪ್ಪು-ಖಾರ ಸೇರಿಸಿದಾಗ.

ಪ್ರಶ್ನೆ: ಸಾಂಸ್ಕೃತಿಕ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದೇನೆ. ಈ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಯಿತು. ಹುದ್ದೆ ಬಿಡಲಾ?

ಉತ್ತರ: ಊರಿಗೆ ಉಪಕಾರಿ, ಮನೆಗೆ ಮಾರಿ ಆಗಬಾರದು. ಬಿಡಬೇಕೋ ಬೇಡವೋ ಎಂಬುದನ್ನು ಮನಸ್ಸಿನ ಬೇಸರದಲ್ಲಿ ನಿರ್ಧರಿಸದೆ ಗಂಟೆಗಳ ಲೆಕ್ಕ ಹಾಕಿ ನೋಡಿ.

ವಾರಕ್ಕೆ 168 ಗಂಟೆ. ನಿದ್ದೆಗೆ 56 ಹೋದರೆ 112. ತರಗತಿ, ಲ್ಯಾಬ್ 25 ಎಂದರೆ 87 ಉಳಿಯಿತು. ಸ್ನಾನ, ಊಟ, ಓಡಾಟ, ಬಟ್ಟೆಬರೆಗೆ ದಿನಕ್ಕೆ 4ರಂತೆ 28, ಉಳಿದದ್ದು 59. ಸ್ವಂತ ಓದಿಗೆ ದಿನಕ್ಕೆ 4 ಗಂಟೆಯಂತೆ 28, ಉಳಿದದ್ದು 31. ಮನೆಯವರು, ಸ್ನೇಹಿತರು, ವ್ಯಾಯಾಮಕ್ಕೆ ದಿನಕ್ಕೆ 2ರಂತೆ 14 ತೆಗೆದರೆ ಕೈಯಲ್ಲಿರುವುದು 17. ಜ್ವರ, ತಡವಾದ ಬಸ್ಸು, ಹಠಾತ್ತಾಗಿ ಬಂದ ಅಸೈನ್‌ಮೆಂಟಿಗೆ ಅದರಲ್ಲಿ ಅರ್ಧ ಮೀಸಲಿಡಿ. ಅಲ್ಲಿಗೆ ಹುದ್ದೆಗೆ ಸಿಗುವುದು ವಾರಕ್ಕೆ 8 ಗಂಟೆ. ನಿಮ್ಮ ಕಾಲೇಜಿಗೆ ತಕ್ಕಂತೆ ಅಂಕಿಗಳನ್ನು ಬದಲಿಸಿಕೊಳ್ಳಿ, ಆದರೆ ಓದಿನ 28ನ್ನು ಕೊನೆಯಲ್ಲಿ ಉಳಿದದ್ದು ಎಂದು ಬರೆಯಬೇಡಿ, ಮೊದಲೇ ಬರೆಯಿರಿ.

ಎಂಟು ಗಂಟೆಯಲ್ಲಿ ಕಾರ್ಯದರ್ಶಿಯ ಸಾಮಾನ್ಯ ವಾರ ಮುಗಿಯುತ್ತದೆ. ಮುಗಿಯದಿರುವುದು ಕಾರ್ಯಕ್ರಮದ ವಾರ, ಅದು ಸಲೀಸಾಗಿ 20 ಗಂಟೆ ನುಂಗುತ್ತದೆ. ಆ ಹೆಚ್ಚುವರಿ 12 ಗಂಟೆಯ ಓದನ್ನು ಹಿಂದಿನ ಮೂರು ವಾರಗಳಲ್ಲಿ 4 ಗಂಟೆಯಂತೆ ಮುಂಗಡವಾಗಿ ಓದಿಟ್ಟುಕೊಳ್ಳಿ. ‘ಆಮೇಲೆ ಓದುತ್ತೇನೆ’ ಎಂಬ ಲೆಕ್ಕ ಕೈಗೂಡುವುದಿಲ್ಲ, ಏಕೆಂದರೆ ಕಾರ್ಯಕ್ರಮ ಮುಗಿದ ಮೇಲೆ ಖರ್ಚಿನ ಲೆಕ್ಕ, ವರದಿ, ಸಾಮಾನು ಹಿಂತಿರುಗಿಸುವುದು ಎಂದು ಇನ್ನೊಂದು ವಾರ ಎಳೆಯುತ್ತದೆ.

ಈಗ ಎರಡು ವಾರ ನಿಮ್ಮ ಗಂಟೆಗಳನ್ನು ನಿಜವಾಗಿ ಬರೆದಿಡಿ. ಹುದ್ದೆಗೆ 8ರಿಂದ 10 ಗಂಟೆ ಹೋಗುತ್ತಿದ್ದರೆ ಫೇಲಾದದ್ದಕ್ಕೆ ಕಾರಣ ಬೇರೆ ಎಲ್ಲೋ ಇದೆ, ಬಿಟ್ಟರೂ ಅಂಕ ಬರುವುದಿಲ್ಲ. 15 ದಾಟಿದ್ದರೆ ಯಾವ ಕೆಲಸಗಳನ್ನು ಬೇರೆಯವರು ಮಾಡಬಹುದಿತ್ತು ಎಂದು ಗುರುತು ಹಾಕಿ. ಪೋಸ್ಟರ್ ವಿನ್ಯಾಸ, ಹೆಸರು ನೋಂದಣಿ, ಕೊಠಡಿ ಗೊತ್ತು ಮಾಡುವುದು, ಈ ಮೂರನ್ನು ಮೂವರಿಗೆ ವಹಿಸಿದರೇ ಐದಾರು ಗಂಟೆ ಉಳಿಯುತ್ತದೆ. ಹಾಗೆ ಮಾಡಿದ ಮೇಲೂ ತಿಂಗಳೊಳಗೆ ಇಳಿಯದಿದ್ದರೆ ಬಿಡಿ. ಕೆಲಸದ ಪಟ್ಟಿ, ಫೋನ್ ನಂಬರುಗಳು, ಪಾಸ್‌ವರ್ಡ್, ಬಾಕಿ ಲೆಕ್ಕ ಒಪ್ಪಿಸಿ, ಒಂದು ವಾರ ಹೊಸಬರ ಜೊತೆಗಿದ್ದು ಬಿಟ್ಟರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ಒಂದು ದಿನದ ನಾಯಕತ್ವ ಶಿಬಿರ, ಆನ್‌ಲೈನ್ ಸರ್ಟಿಫಿಕೇಟ್ ಇವುಗಳಿಂದ ಕೆಲಸದ ಸಂದರ್ಶನದಲ್ಲಿ ಲಾಭವಿದೆಯೇ?

ಉತ್ತರ: ಶಿಬಿರದಲ್ಲಿ ಹೊಸ ಪದಗಳು ಸಿಗುತ್ತವೆ, ಅಭ್ಯಾಸ ಸಿಗುವುದಿಲ್ಲ. ಸಂದರ್ಶನದಲ್ಲಿ ಕೇಳುವುದು ‘ತಂಡದಲ್ಲಿ ಒಂದು ತೊಡಕು ಬಂದಾಗ ನೀವು ಏನು ಮಾಡಿದಿರಿ?’ ಎಂದು. ಸನ್ನಿವೇಶ, ನಿಮ್ಮ ಹೊಣೆ, ನೀವು ಮಾಡಿದ್ದು, ಅದರ ಫಲ ಎಂಬ ಕ್ರಮದಲ್ಲಿ ಎರಡು ನಿಮಿಷ ಹೇಳಲು ಬರಬೇಕು. ‘ನಾವು ಮಾಡಿದೆವು’ ಎಂದೇ ಹೇಳುತ್ತಾ ಹೋದರೆ ನಿಮ್ಮ ಪಾಲು ಯಾವುದೆಂದು ಎದುರಿನವರಿಗೆ ತಿಳಿಯುವುದಿಲ್ಲ. ಬಯೋಡೇಟಾದಲ್ಲೂ ‘ಉತ್ತಮ ನಾಯಕತ್ವ ಗುಣ’ ಎಂದು ಬರೆಯುವ ಬದಲು ‘ಐದು ಜನರ ತಂಡ, ಆರು ವಾರ, 112 ಜನರ ಸಮೀಕ್ಷೆ, ಜೋಡಣೆ ಮತ್ತು ಪರಿಶೀಲನೆ ನನ್ನ ಹೊಣೆ’ ಎಂದು ಬರೆದರೆ ಓದುವವರಿಗೆ ಕೇಳಲು ಏನಾದರೂ ಸಿಗುತ್ತದೆ. ಪ್ರತಿ ಸೆಮಿಸ್ಟರ್ ಮುಗಿದಾಗ ಇಂಥ ಮೂರು ಸಾಲು ಬರೆದಿಡಿ, ಮೂರು ವರ್ಷ ಕಳೆದ ಮೇಲೆ ಅಂಕಿಗಳು ನೆನಪಿರುವುದಿಲ್ಲ.

ಪ್ರಶ್ನೆ: ಪರೀಕ್ಷೆಗೆ ಎಂಟು ವಾರ ಇದೆ. ಸ್ಟಡಿ ಗ್ರೂಪ್ ಶುರು ಮಾಡಬೇಕೆಂದಿದ್ದೇವೆ. ಕಳೆದ ಸಲ ಹತ್ತು ಜನ ಸೇರಿ ಬರೀ ಹರಟೆಯಾಯಿತು.

ಉತ್ತರ: ಹತ್ತು ಜನ ಸೇರಿದರೆ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳೇ 45. ನಾಲ್ಕು ಜನರಿಗೆ 6. ನಾಲ್ಕೇ ಜನ ಇರಲಿ. ಹತ್ತು ಜನ ಇದ್ದರೆ ಎರಡು-ಮೂರು ಗುಂಪು ಮಾಡಿ.

ವಾರಕ್ಕೆ ಎರಡು ಸಲ, 90 ನಿಮಿಷ. ಪ್ರತಿಯೊಬ್ಬರೂ ಆ ವಾರದ ಪಾಠದಿಂದ ಐದು ಪ್ರಶ್ನೆ, ಅವುಗಳ ಉತ್ತರ ಬರೆದು ತರಬೇಕು. ಮೊದಲ 30 ನಿಮಿಷ ಪುಸ್ತಕ ಮುಚ್ಚಿ, ಮಾತಿಲ್ಲದೆ, ಬೇರೆಯವರ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮುಂದಿನ 45 ನಿಮಿಷ ತಪ್ಪಾದದ್ದನ್ನು ಮಾತ್ರ ಬಿಡಿಸಿ. ಸರಿಯಾಗಿ ಗೊತ್ತಿರುವವರು ವಿವರಿಸಲಿ, ತಪ್ಪು ಮಾಡಿದವರು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಕೊನೆಯ 15 ನಿಮಿಷದಲ್ಲಿ ಯಾರಿಗೂ ಬಿಡಿಸಲಾಗದ ಪ್ರಶ್ನೆಗಳ ಪಟ್ಟಿ ಮಾಡಿ, ಒಬ್ಬರು ಮರುದಿನ ಉಪನ್ಯಾಸಕರನ್ನು ಕೇಳಿ ಬರಲಿ. ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಮತ್ತೆ ಓದುವುದು, ಇವೆರಡೇ ಎಲ್ಲಕ್ಕಿಂತ ಮೇಲೆ ನಿಂತವು. ಗೆರೆ ಎಳೆಯುವುದೂ ಮತ್ತೆ ಮತ್ತೆ ಓದುವುದೂ ಕೆಳಗೆ ಉಳಿದವು. ಹಾಗಾಗಿ ಹಳೆಯ ಪ್ರಶ್ನೆಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿಟ್ಟು, ಪ್ರತಿ ಸಲ ಹಿಂದಿನ ವಾರದ ಐದನ್ನೂ ಮೂರು ವಾರ ಹಿಂದಿನ ಐದನ್ನೂ ಸೇರಿಸಿಕೊಳ್ಳಿ.

ಗುಂಪು ನಡೆಸುವವರು ಪ್ರತಿ ಸಲ ಬದಲಾಗಲಿ. ಗಡಿಯಾರ ನೋಡುವುದು, ಮಾತು ಜಾರಿದಾಗ ‘ಮುಂದಿನ ಪ್ರಶ್ನೆ’ ಎನ್ನುವುದು, ಇಷ್ಟೇ ಅವರ ಕೆಲಸ. ಎಂಟು ವಾರಕ್ಕೆ 16 ಸಭೆ, ಒಬ್ಬೊಬ್ಬರ ಪಾಲಿಗೆ ನಾಲ್ಕು. ತುಂಬಾ ಚೆನ್ನಾಗಿ ಓದುವ ಒಬ್ಬರಿದ್ದರೆ ಅವರೇ ಎಲ್ಲವನ್ನೂ ಪಾಠ ಮಾಡಿ ಉಳಿದವರು ಕೇಳುತ್ತಾ ಕೂರುವ ಅಪಾಯವಿದೆ. ಅಂಥವರು ಪ್ರತಿ ಪ್ರಶ್ನೆಗೂ ಕೊನೆಯಲ್ಲಿ ಮಾತಾಡಲಿ. ಪ್ರಶ್ನೆ ತರದೆ ಬಂದವರನ್ನು ಬೈದು ಕಳಿಸಬೇಡಿ, ಪಕ್ಕದಲ್ಲಿ ಕೂತು ಆ 30 ನಿಮಿಷದಲ್ಲಿ ಐದು ಪ್ರಶ್ನೆ ಬರೆದು ಆಮೇಲೆ ಸೇರಿಕೊಳ್ಳಲಿ.